ಹಿಮದ ಇಳಿಜಾರು, ನಮ್ಮ ಗುಡ್ಡದ ಧರೆ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಸೀಮೆಯಲ್ಲಿ ಹಿಮ ಬೀಳುವುದಿಲ್ಲ. ಧನುರ್ಮಾಸದ ಬೆಳಗಿನ ಜಾವ ಹೇಮಾವತಿಯ ದಂಡೆಯಲ್ಲಿ ಇಬ್ಬನಿ ಸುರಿದು ರಾಗಿಯ ಮೆದೆ ಒದ್ದೆಯಾದಾಗ ‘ಹಿಮ ಬೀಳುತ್ತಿದೆ’ ಎಂದು ನಮ್ಮ ಹಿರಿಯರು ಹೇಳುವುದುಂಟು. ನಮ್ಮ ಭಾಷೆಯಲ್ಲಿ ಹಿಮವೆಂಬ ಶಬ್ದ ಅಷ್ಟು ಸೌಮ್ಯವಾದದ್ದು. ಹಾಗಿರುವಾಗ ಮಲೆನಾಡಿನ ಅಂಚಿನ ಪರಿಸರ ಪತ್ರಿಕೆಯೊಂದು ಹಿಮಕುಸಿತದ ಕುರಿತು ಸಂಪಾದಕೀಯ ಬರೆಯುವುದೇಕೆ ಎಂದು ಓದುಗರು ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಹಾಸನ ತಾಲ್ಲೂಕಿನ ತೇಜೂರಿನಲ್ಲಿದೆ.

2016ರ ಫೆಬ್ರವರಿ 3ರಂದು ಸಿಯಾಚಿನ್ ಹಿಮನದಿಯ ಸೋನಂ ಠಾಣೆಯ ಮೇಲೆ, ಸುಮಾರು 19,600 ಅಡಿ ಎತ್ತರದಲ್ಲಿ, ಭಾರಿ ಹಿಮರಾಶಿ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಯೋಧರು ಅದರಡಿ ಸಿಲುಕಿದರು. ಅವರಲ್ಲಿ ಮೂವರು ಕನ್ನಡಿಗರು. ತೇಜೂರಿನ ಸುಬೇದಾರ್ ನಾಗೇಶ್, ಹೆಗ್ಗಡದೇವನಕೋಟೆಯ ಸಿಪಾಯಿ ಮಹೇಶ್ ಮತ್ತು ಕುಂದಗೋಳ ತಾಲ್ಲೂಕು ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಹನುಮಂತಪ್ಪನವರನ್ನು ಆರು ದಿನಗಳ ಬಳಿಕ ಹಿಮದ ಆಳದಿಂದ ಜೀವಂತವಾಗಿ ಹೊರತೆಗೆದಾಗ ನಾಡೆಲ್ಲ ಉಸಿರು ಬಿಗಿಹಿಡಿದಿತ್ತು. ಫೆಬ್ರವರಿ 11ರಂದು ಅವರೂ ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಆ ಹಿಮನದಿಯಲ್ಲಿ ಶತ್ರುವಿನ ಗುಂಡಿಗಿಂತ ಚಳಿ, ಎತ್ತರ ಮತ್ತು ಕುಸಿತಗಳಿಗೇ ಹೆಚ್ಚು ಸೈನಿಕರು ಬಲಿಯಾಗಿದ್ದಾರೆ. ಗಡಿಯ ಆಚೆಯ ಕಥೆಯೂ ಬೇರೆಯಲ್ಲ. 2012ರ ಏಪ್ರಿಲ್ 7ರಂದು ಗಯಾರಿಯಲ್ಲಿ ಪಾಕಿಸ್ತಾನದ ಸೇನಾ ನೆಲೆಯೊಂದು ಇಡಿಯಾಗಿ ಹೂತುಹೋಗಿ 140 ಜನ ಸತ್ತರು.

ಯೋಧರು ಕರ್ತವ್ಯದ ಮೇಲೆ ಹೋದವರು. ಈಗ ನಮ್ಮ ಜಿಲ್ಲೆಯಿಂದ, ನಮ್ಮ ರಾಜ್ಯದಿಂದ, ಸ್ವಂತ ಇಚ್ಛೆಯಿಂದ ಹಿಮದ ಮೇಲೆ ನಡೆಯಲು ಹೋಗುವವರೂ ಇದ್ದಾರೆ. ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು, ಬೆಂಗಳೂರಿನ ಕಂಪನಿಗಳಲ್ಲಿ ದುಡಿಯುವ ನಮ್ಮ ಊರುಗಳ ಮಕ್ಕಳು, ನಿವೃತ್ತರಾದ ಅಧ್ಯಾಪಕರು ಡಿಸೆಂಬರ್ ಬಂತೆಂದರೆ ಕೇದಾರಕಂಠದಂಥ ಚಾರಣಗಳಿಗೆ ಹೊರಡುತ್ತಾರೆ. ಈ ಉತ್ಸಾಹವನ್ನು ನಾವು ಹಳಿಯುವುದಿಲ್ಲ. ಬೆಟ್ಟವನ್ನು ಕಾಲ್ನಡಿಗೆಯಲ್ಲಿ ಕಂಡವರೇ ಬೆಟ್ಟದ ಪರವಾಗಿ ನಿಲ್ಲುತ್ತಾರೆಂಬುದು ನಮ್ಮಂಥ ಬಳಗಗಳ ಅನುಭವ. ಆದರೆ ಉತ್ಸಾಹ ಬೆಳೆದಷ್ಟು ತಿಳಿವಳಿಕೆ ಬೆಳೆದಿಲ್ಲ ಎಂಬುದಕ್ಕೆ ಎರಡು ದುರಂತಗಳು ಸಾಕ್ಷಿಯಾಗಿವೆ. 2022ರ ಅಕ್ಟೋಬರ್ 4ರಂದು ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯ ತಂಡವೊಂದು ದ್ರೌಪದಿ ಕಾ ಡಂಡಾ ಶಿಖರದ ಬಳಿ ಹಿಮಕುಸಿತಕ್ಕೆ ಸಿಲುಕಿತು. 27 ಶವಗಳು ದೊರೆತವು, ಇಬ್ಬರ ಸುಳಿವೇ ಸಿಗಲಿಲ್ಲ. ಕರ್ನಾಟಕದ ಶಿಕ್ಷಣಾರ್ಥಿಗಳೂ ಅವರಲ್ಲಿದ್ದರು. 2024ರ ಜೂನ್ 3ರಂದು ಉತ್ತರಾಖಂಡದ ಸಹಸ್ರತಾಲ್ ಚಾರಣದಿಂದ ಮರಳುತ್ತಿದ್ದ 22 ಜನರ ತಂಡ ಹಿಮಗಾಳಿಗೆ ಸಿಕ್ಕಿ ಒಂಬತ್ತು ಮಂದಿ ಪ್ರಾಣ ಬಿಟ್ಟರು. ಆ ತಂಡದ ಚಾರಣಿಗರಲ್ಲಿ ಒಬ್ಬರ ಹೊರತು ಎಲ್ಲರೂ ಕರ್ನಾಟಕದವರು.

ಈ ಎರಡು ಘಟನೆಗಳನ್ನೂ ‘ಹಿಮಪಾತ’ ಎಂಬ ಒಂದೇ ಪದದಲ್ಲಿ ಹೇಳಿದರೆ ಸಾಲದು. ಮೊದಲನೆಯದರಲ್ಲಿ ಇಳಿಜಾರಿನ ಮೇಲೆ ಕೂತಿದ್ದ ಹಿಮ ಕಿತ್ತುಕೊಂಡು ಜಾರಿ ಜನರನ್ನು ಹೂತುಹಾಕಿತು. ಎರಡನೆಯದರಲ್ಲಿ ಗಾಳಿ, ಬೀಳುವ ಹಿಮ, ಕಾಣದ ದಾರಿ ಮತ್ತು ಶೀತ ಸೇರಿ ದೇಹದ ಶಾಖವನ್ನು ಹೀರಿಬಿಟ್ಟವು. ಒಂದರಿಂದ ಪಾರಾಗುವ ಉಪಾಯ ಮತ್ತೊಂದಕ್ಕೆ ಒದಗುವುದಿಲ್ಲ. ಬೀಳುವ ಹಿಮಕ್ಕೆ ಹಿಮಪಾತವೆಂದೂ, ಜಾರುವ ಹಿಮಕ್ಕೆ ಹಿಮಕುಸಿತವೆಂದೂ, ಗಾಳಿಯೊಡಗೂಡಿ ಬರುವುದಕ್ಕೆ ಹಿಮಗಾಳಿಯೆಂದೂ ಬೇರೆ ಬೇರೆ ಹೆಸರಿಟ್ಟುಕೊಳ್ಳುವುದು ಒಳ್ಳೆಯದು. ಹೆಸರು ಕಲಸಿಹೋದಲ್ಲಿ ಎಚ್ಚರಿಕೆಯೂ ಕಲಸಿಹೋಗುತ್ತದೆ.

ಹಿಮಕುಸಿತದ ಸ್ವಭಾವವನ್ನು ಅರಿಯುವುದು ಮಣ್ಣನ್ನು ಬಲ್ಲ ನಮ್ಮ ರೈತರಿಗೆ ಕಷ್ಟವಾಗಲಾರದು. ಹೊಲದಲ್ಲಿ ಗುಂಡಿ ತೋಡಿದರೆ ಮೇಲಿನ ಮಣ್ಣು, ಅದರಡಿಯ ಗಟ್ಟಿ ಪದರ, ಇನ್ನೂ ಕೆಳಗಿನ ಜಂಬಿಟ್ಟಿಗೆ ಹೇಗೆ ಸಾಲುಸಾಲಾಗಿ ಕಾಣುತ್ತವೆಯೋ ಹಾಗೆಯೇ ಬೆಟ್ಟದ ಹಿಮವೂ ಪದರಗಳ ರಾಶಿ. ಒಂದೊಂದು ಸಲ ಬಿದ್ದ ಹಿಮವೂ ಒಂದೊಂದು ಪದರ. ಬಿಸಿಲು, ಗಾಳಿ, ಚಳಿಗಳು ಆ ಪದರಗಳ ಗುಣವನ್ನು ದಿನದಿನವೂ ಬದಲಿಸುತ್ತವೆ. ಅಪಾಯ ಇರುವುದು ರಾಶಿಯ ದಪ್ಪಕ್ಕಿಂತ ಹೆಚ್ಚಾಗಿ ಪದರಗಳ ನಡುವಿನ ಹಿಡಿತದಲ್ಲಿ.

ಆ ಹಿಡಿತ ಸಡಿಲವಾಗುವ ಬಗೆ ಹೀಗೆ. ಹಿಮದ ಹಾಸಿನಡಿಯ ನೆಲ ಸಾಮಾನ್ಯವಾಗಿ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಮೇಲ್ಮೈ ಮಾತ್ರ ರಾತ್ರಿಯ ನಿರಭ್ರ ಆಕಾಶದಡಿ ಸೊನ್ನೆಗಿಂತ ಬಹಳ ಕೆಳಗಿಳಿಯುತ್ತದೆ. ಒಂದು ಮೀಟರ್ ದಪ್ಪದಲ್ಲಿ 10 ಡಿಗ್ರಿಗೂ ಮಿಕ್ಕ ಅಂತರ ಏರ್ಪಟ್ಟರೆ ಕೆಳಗಿನ ಆವಿ ಮೇಲಕ್ಕೆ ಹರಿದು, ದಾರಿಯಲ್ಲಿ ಹಿಮದ ಕಣಗಳನ್ನು ಮೂಲೆಮೂಲೆಯ ಹರಳುಗಳನ್ನಾಗಿ ಮಾರ್ಪಡಿಸುತ್ತದೆ. ಈ ಹರಳುಗಳು ದಪ್ಪ ಸಕ್ಕರೆಯಂತೆ ಬಿಡಿಬಿಡಿಯಾಗಿರುತ್ತವೆ, ಒಂದನ್ನೊಂದು ಅಂಟಿಕೊಳ್ಳುವುದಿಲ್ಲ. ಮುಂದೆ ಇದರ ಮೇಲೆ ಹೊಸ ಹಿಮ ಬಿದ್ದು ಗಾಳಿಗೆ ಗಟ್ಟಿಯಾದರೆ, ಇಳಿಜಾರು ಕಣದಲ್ಲಿ ರಾಗಿ ಹರಡಿ ಅದರ ಮೇಲೆ ಕಲ್ಲಿನ ಚಪ್ಪಡಿ ಇಟ್ಟಂತಾಗುತ್ತದೆ. ಚಪ್ಪಡಿ ನಿಂತಿರುವಂತೆ ಕಾಣುತ್ತದೆ. ಒಬ್ಬ ಮನುಷ್ಯನ ಭಾರ ಬಿದ್ದರೆ ಸಾಕು, ಅಡಿಯ ಪದರ ಒಂದು ಕಡೆ ಕುಸಿದು, ಆ ಬಿರುಕು ಕ್ಷಣಮಾತ್ರದಲ್ಲಿ ಇಡೀ ಇಳಿಜಾರಿಗೆ ಹರಡಿ, ಚಪ್ಪಡಿಯೇ ಜಾರಲು ತೊಡಗುತ್ತದೆ. ಚಾರಣಿಗರನ್ನು ಕೊಲ್ಲುವ ಬಹುಪಾಲು ಕುಸಿತಗಳು ಈ ಜಾತಿಯವು. ಇಂಥ ಅವಘಡಗಳಲ್ಲಿ ಹತ್ತರಲ್ಲಿ ಒಂಬತ್ತರಷ್ಟು ಕುಸಿತಗಳನ್ನು ಸಿಲುಕಿದವರೋ ಅವರ ಜೊತೆಗಾರರೋ ತಮ್ಮ ಹೆಜ್ಜೆಯಿಂದಲೇ ಎಬ್ಬಿಸಿರುತ್ತಾರೆ. ಇದು ಭಯಪಡಬೇಕಾದ ಸಂಗತಿಯಾದರೂ ಇದರಲ್ಲೊಂದು ಭರವಸೆಯಿದೆ. ಎಬ್ಬಿಸುವವರು ನಾವೇ ಆದರೆ ಎಬ್ಬಿಸದೆ ಇರುವುದೂ ನಮ್ಮ ಕೈಯಲ್ಲಿದೆ.

ಇದರಿಂದ ಇನ್ನೊಂದು ಮಾತು ಹೊರಡುತ್ತದೆ. ಹಿಮ ತೆಳ್ಳಗಿದ್ದಷ್ಟೂ ನೆಲಕ್ಕೂ ಮೇಲ್ಮೈಗೂ ನಡುವಿನ ಶಾಖದ ಅಂತರ ತೀವ್ರವಾಗಿ, ಸಕ್ಕರೆ ಹರಳಿನ ಪದರ ಬೇಗ ಬೆಳೆಯುತ್ತದೆ. ಚಳಿಗಾಲದ ಮೊದಲಲ್ಲಿ ‘ಈ ವರ್ಷ ಹಿಮ ಕಡಿಮೆ, ಅಪಾಯವೂ ಕಡಿಮೆ’ ಎಂದು ಎಣಿಸುವವರು ಇದನ್ನು ನೆನಪಿಡಬೇಕು.

ಇಳಿಜಾರಿನ ಲೆಕ್ಕವನ್ನೂ ತಿಳಿದಿರಬೇಕು. ಚಪ್ಪಡಿ ಕುಸಿತಗಳು ಹೆಚ್ಚಾಗಿ 30ರಿಂದ 45 ಡಿಗ್ರಿ ಇಳಿಜಾರುಗಳಲ್ಲಿ ಹುಟ್ಟುತ್ತವೆ. ಅದಕ್ಕಿಂತ ಬಹಳ ಕಡಿದಾದಲ್ಲಿ ಹಿಮ ನಿಲ್ಲದೆ ಆಗಾಗ ಉದುರಿಹೋಗುತ್ತದೆ, ಬಹಳ ಚಪ್ಪಟೆಯಾದಲ್ಲಿ ಜಾರುವುದಿಲ್ಲ. ಅಡ್ಡಲಾಗಿ ಹತ್ತು ಅಡಿ ಸಾಗುವಷ್ಟರಲ್ಲಿ ಆರು ಅಡಿಗೆ ಸ್ವಲ್ಪ ಕಡಿಮೆ ಏರುವ ಇಳಿಜಾರು 30 ಡಿಗ್ರಿಯದು, ಹತ್ತಕ್ಕೆ ಹತ್ತು ಏರುವುದು 45 ಡಿಗ್ರಿಯದು. ನಡೆಯಲು ಹದವಾಗಿ, ನೋಡಲು ಚೆನ್ನಾಗಿ ಕಾಣುವ ಇಳಿಜಾರುಗಳೇ ಇವು ಎಂಬುದು ಕಷ್ಟ. ನಾವು ನಿಂತ ಜಾಗ ಸಮತಟ್ಟಾಗಿದ್ದರೂ ತಲೆಯ ಮೇಲೆ ಅಂಥ ಇಳಿಜಾರಿದ್ದರೆ ಅದರ ದಾರಿಯಲ್ಲಿ ನಾವಿದ್ದೇವೆಂದೇ ಅರ್ಥ. ಡೇರೆ ಹೂಡುವ ಜಾಗ ಆರಿಸುವಾಗ ಈ ತಪ್ಪು ಹೆಚ್ಚು.

ಬೆಟ್ಟ ತಾನೇ ಕೊಡುವ ಸೂಚನೆಗಳು ಕೆಲವಿವೆ. ಅಕ್ಕಪಕ್ಕದ ಇಳಿಜಾರುಗಳಲ್ಲಿ ಹೊಸದಾಗಿ ಕುಸಿದ ಗುರುತುಗಳು, ಕಾಲಿಟ್ಟಾಗ ಹಿಮದ ಒಳಗಿಂದ ‘ದಸಕ್’ ಎಂದು ಕೂತಂತೆ ಕೇಳುವ ಸದ್ದು, ಹೆಜ್ಜೆಯ ಮುಂದೆ ಓಡುವ ಬಿರುಕು, ಒಂದು ದಿನದಲ್ಲಿ ಒಂದಡಿಗೂ ಮಿಕ್ಕಿ ಬಿದ್ದ ಹಿಮ, ದಿಬ್ಬದ ಮರೆಯ ಬದಿಗೆ ಗಾಳಿ ತಂದು ಸುರಿದ ರಾಶಿ, ಹಠಾತ್ತನೆ ಏರಿದ ಬಿಸಿಲು. ಇವುಗಳಲ್ಲಿ ಮೊದಲ ಮೂರು ಕಂಡರೆ ಚರ್ಚೆಗೆ ಎಡೆಯಿಲ್ಲ, ಹಿಂದಿರುಗಬೇಕು. ಉಳಿದವು ಕಂಡರೆ ಒಂದೆರಡು ದಿನ ಕಾಯಬೇಕು ಅಥವಾ ಇಳಿಜಾರನ್ನು ಬಳಸಿ ಹೋಗಬೇಕು. ಬೇಸಗೆಗೆ ಹತ್ತಿರದ ದಿನಗಳಲ್ಲಿ ನೀರು ತುಂಬಿದ ಹಿಮ ಮಧ್ಯಾಹ್ನದ ಹೊತ್ತಿಗೆ ಜಾರುತ್ತದಾದ್ದರಿಂದ ನಸುಕಿನಲ್ಲಿ ಹೊರಟು ಬಿಸಿಲೇರುವ ಮೊದಲು ದಾಟಿಬಿಡುವುದು ಪರ್ವತವಾಸಿಗಳ ರೂಢಿ. ಸಂಶಯದ ಇಳಿಜಾರನ್ನು ದಾಟಲೇಬೇಕಾದರೆ ಒಬ್ಬೊಬ್ಬರಾಗಿ ದಾಟಬೇಕು, ಉಳಿದವರು ಸುರಕ್ಷಿತ ಜಾಗದಲ್ಲಿ ನಿಂತು ಅವರ ಮೇಲೆ ಕಣ್ಣಿಟ್ಟಿರಬೇಕು. ನಮ್ಮ ಗುಂಪುಗಳು ಫೋಟೋಕ್ಕಾಗಿ ಇಡೀ ಸಾಲಾಗಿ ನಿಲ್ಲುವುದು ಅಂಥ ಜಾಗಗಳಲ್ಲೇ.

ಹೂತುಹೋದವರ ಪಾಲಿಗೆ ಉಳಿದಿರುವುದು ನಿಮಿಷಗಳ ಲೆಕ್ಕ. ಜಾರುವಾಗ ಹಗುರವಾಗಿ ಕಂಡ ಹಿಮ ನಿಂತ ಕೂಡಲೆ ಗಾರೆಯಂತೆ ಬಿಗಿಯುತ್ತದೆ, ಒಳಗಿರುವವರು ಬೆರಳು ಅಲ್ಲಾಡಿಸಲಾರರು. ಹತ್ತು ಹದಿನೈದು ನಿಮಿಷಗಳೊಳಗೆ ಹೊರತೆಗೆದರೆ ಹತ್ತರಲ್ಲಿ ಸುಮಾರು ಒಂಬತ್ತು ಜನ ಬದುಕುತ್ತಾರೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಆ ಸಂಖ್ಯೆ ಮೂರಕ್ಕೆ ಇಳಿಯುತ್ತದೆ. ಹೆಲಿಕಾಪ್ಟರ್ ಅಷ್ಟರಲ್ಲಿ ಬರಲಾರದು. ಕಾಪಾಡಬಲ್ಲವರು ಪಕ್ಕದಲ್ಲಿದ್ದ ಜೊತೆಗಾರರು ಮಾತ್ರ, ಅದೂ ಪ್ರತಿಯೊಬ್ಬರ ಬಳಿ ಸಂಕೇತ ಕಳುಹಿಸಿ ಹಿಡಿಯುವ ಟ್ರಾನ್ಸೀವರ್, ಹಿಮಕ್ಕೆ ಚುಚ್ಚಿ ನೋಡುವ ಉದ್ದನೆಯ ಮಡಚು ಸಲಾಕೆ ಮತ್ತು ಒಂದು ಸನಿಕೆ ಇದ್ದು, ಅವನ್ನು ಬಳಸುವ ಅಭ್ಯಾಸವಿದ್ದರೆ. ಆಳ ಹಿಮದಲ್ಲಿ, ಕಡಿದಾದ ಇಳಿಜಾರುಗಳ ನಡುವೆ ಕರೆದೊಯ್ಯುವವರು ಈ ಮೂರನ್ನು ಕೊಡುತ್ತಾರೆಯೇ, ಕೊಟ್ಟು ಒಂದು ದಿನವಾದರೂ ಕಲಿಸುತ್ತಾರೆಯೇ ಎಂದು ಹಣ ಕಟ್ಟುವ ಮೊದಲೇ ಕೇಳಬೇಕು.

ಇನ್ನೂ ಕೇಳಬೇಕಾದ ಪ್ರಶ್ನೆಗಳಿವೆ. ಹವೆ ಕೆಟ್ಟರೆ ತಂಡವನ್ನು ಹಿಂದಿರುಗಿಸುವ ಅಧಿಕಾರ ಯಾರದು? ಹಾಗೆ ಹಿಂದಿರುಗಿದರೆ ಹಣದ ಗತಿಯೇನು? ಹೆಚ್ಚುವರಿ ದಿನವೊಂದನ್ನು ಕಾದಿರಿಸಿದ್ದಾರೆಯೇ? ಮಾರ್ಗದರ್ಶಕರು ಆ ಕಣಿವೆಯವರೇ? ಹೊರೆಯಾಳುಗಳಿಗೆ ವಿಮೆಯಿದೆಯೇ, ಬೆಚ್ಚನೆಯ ಬಟ್ಟೆಯಿದೆಯೇ? ಭಾನುವಾರ ರಾತ್ರಿಯ ವಿಮಾನ, ಸೋಮವಾರದ ಕೆಲಸ ಎಂದು ಮೊದಲೇ ಗಂಟು ಹಾಕಿಕೊಂಡು ಹೋದವರಿಗೆ ಬೆಟ್ಟ ‘ಬೇಡ’ ಎಂದರೂ ಕೇಳಿಸುವುದಿಲ್ಲ. ಬಿತ್ತನೆಯ ದಿನವನ್ನು ಕ್ಯಾಲೆಂಡರ್ ನೋಡಿ ನಿಶ್ಚಯಿಸುವ ಒಕ್ಕಲಿಗ ನಮ್ಮಲ್ಲಿಲ್ಲ, ನೆಲದ ಹದ ನೋಡಿಯೇ ಕೂರಿಗೆ ಕಟ್ಟುತ್ತಾನೆ. ಆ ವಿವೇಕವನ್ನು ಅವನ ಮಕ್ಕಳು ಬೆಟ್ಟಕ್ಕೂ ಕೊಂಡೊಯ್ಯಬೇಕು.

ಹಿಮಾಲಯದ ಹಿಮಕುಸಿತದ ಎಚ್ಚರಿಕೆಗಳನ್ನು ರಕ್ಷಣಾ ಸಂಶೋಧನಾ ಸಂಸ್ಥೆಗೆ ಸೇರಿದ, ಚಂಡೀಗಢದ ಭೂಮಾಹಿತಿ ಸಂಶೋಧನಾ ಕೇಂದ್ರ ಹೊರಡಿಸುತ್ತದೆ. ಮನಾಲಿಯಲ್ಲಿದ್ದ ಹಿಂದಿನ ಹಿಮ ಅಧ್ಯಯನ ಸಂಸ್ಥೆಯೇ 2020ರಲ್ಲಿ ಇದರೊಳಗೆ ವಿಲೀನವಾಯಿತು. ಚಳಿಗಾಲದಲ್ಲಿ ಜಿಲ್ಲಾವಾರು, ಎತ್ತರವಾರು ಅಪಾಯದ ಮಟ್ಟವನ್ನು ಅದು ಪ್ರಕಟಿಸುತ್ತದೆ. ಎಚ್ಚರಿಕೆ ಹೊರಟರಷ್ಟೇ ಸಾಲದು ಎಂಬುದಕ್ಕೆ ಬದರಿನಾಥದಾಚೆಯ ಮಾಣಾ ಗ್ರಾಮದ ಘಟನೆ ಸಾಕ್ಷಿ. 2025ರ ಫೆಬ್ರವರಿ 28ರಂದು ಅಲ್ಲಿ ಗಡಿ ರಸ್ತೆಯ ಕೆಲಸಗಾರರ ಶಿಬಿರದ ಮೇಲೆ ಹಿಮ ಕುಸಿಯಿತು. ಚಮೋಲಿ ಜಿಲ್ಲೆಗೆ ಹಿಂದಿನ ಸಂಜೆಯೇ ಎಚ್ಚರಿಕೆ ಹೊರಟಿತ್ತು. ಶಿಬಿರದಲ್ಲಿದ್ದ 54 ಕಾರ್ಮಿಕರು ಅದರಡಿ ಸಿಲುಕಿದರು, 46 ಜನರನ್ನು ಉಳಿಸಲಾಯಿತು, ಎಂಟು ಜನ ಸತ್ತರು. ಚಾರಣಿಗ ತಾನಾಗಿ ಹಿಂದಿರುಗಬಲ್ಲ. ದಿನಗೂಲಿಯವನಿಗೆ ಆ ಸ್ವಾತಂತ್ರ್ಯವಿಲ್ಲ. ಎಚ್ಚರಿಕೆಯನ್ನು ಅವನವರೆಗೆ ತಲುಪಿಸಿ, ಅವನನ್ನು ಅಲ್ಲಿಂದ ಎಬ್ಬಿಸಿ ಕರೆತರುವ ಹೊಣೆ ಕೆಲಸ ಮಾಡಿಸುವವರದು.

ಅದೇ ಚಮೋಲಿ ಜಿಲ್ಲೆಯ ರೈಣಿ ಗ್ರಾಮದ ಹೆಸರು ಪರಿಸರ ಕಾರ್ಯಕರ್ತರಿಗೆ ಹೊಸದಲ್ಲ. 1974ರಲ್ಲಿ ಗೌರಾದೇವಿಯವರ ಮುಂದಾಳ್ತನದಲ್ಲಿ ಅಲ್ಲಿನ ಹೆಣ್ಣುಮಕ್ಕಳು ಮರಗಳನ್ನು ಅಪ್ಪಿ ನಿಂತರು. ಆ ಹಾದಿಯಲ್ಲೇ 1983ರಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯಲ್ಲಿ ನಮ್ಮ ಅಪ್ಪಿಕೋ ಹುಟ್ಟಿತು. 2021ರ ಫೆಬ್ರವರಿ 7ರಂದು ರೈಣಿಯ ಮೇಲಿನ ರೋಂಟಿ ಶಿಖರದಿಂದ ಬಂಡೆಯೂ ಮಂಜುಗಡ್ಡೆಯೂ ಸೇರಿ ಸುಮಾರು 2 ಕೋಟಿ 70 ಲಕ್ಷ ಘನ ಮೀಟರ್ ರಾಶಿ ಕಳಚಿಬಿದ್ದು, ಋಷಿಗಂಗಾ ಮತ್ತು ಧೌಲಿಗಂಗಾ ಕಣಿವೆಗಳ ಜಲವಿದ್ಯುತ್ ಕಾಮಗಾರಿಗಳನ್ನು ಕೊಚ್ಚಿಕೊಂಡು ಹೋಯಿತು. ಇನ್ನೂರಕ್ಕೂ ಹೆಚ್ಚು ಜನ ಸತ್ತರು ಅಥವಾ ಕಾಣೆಯಾದರು, ಅವರಲ್ಲಿ ಹೆಚ್ಚಿನವರು ಕಾಮಗಾರಿಯ ಕೂಲಿಗಳು. ಕುಸಿತವನ್ನು ಅಣೆಕಟ್ಟು ಉಂಟುಮಾಡಲಿಲ್ಲ ನಿಜ. ಆದರೆ ಕುಸಿಯುವ ಕಣಿವೆಯ ಬಾಯಲ್ಲಿ ಅಷ್ಟು ಜನರನ್ನು ತಂದು ನಿಲ್ಲಿಸಿದ್ದು ಯೋಜನೆಯೇ.

ಹವೆಯ ಬದಲಾವಣೆ ಈ ಅಪಾಯವನ್ನು ಇನ್ನಷ್ಟು ತೊಡಕಾಗಿಸುತ್ತಿದೆ. ಹಿಂದೂಕುಷ್–ಹಿಮಾಲಯದ ಹಿಮನದಿಗಳು 2011–2020ರ ದಶಕದಲ್ಲಿ ಅದರ ಹಿಂದಿನ ದಶಕಕ್ಕಿಂತ ಶೇ. 65ರಷ್ಟು ವೇಗವಾಗಿ ಕರಗಿದವೆಂದು ಕಠ್ಮಂಡುವಿನ ಅಂತರರಾಷ್ಟ್ರೀಯ ಪರ್ವತ ಅಭಿವೃದ್ಧಿ ಕೇಂದ್ರ 2023ರಲ್ಲಿ ವರದಿ ಮಾಡಿತು. ಇಂಥ ಋತುವಿನಲ್ಲಿ ಇಂಥದ್ದೇ ಹವೆ ಎಂಬ ಹಳೆಯ ನಂಬಿಕೆಯನ್ನು ಹಿಡಿದು ಹೊರಡುವಂತಿಲ್ಲ. 2014ರ ಅಕ್ಟೋಬರ್ 12ರಂದು ವಿಶಾಖಪಟ್ಟಣಕ್ಕೆ ಅಪ್ಪಳಿಸಿದ ಹುದ್‌ಹುದ್ ಚಂಡಮಾರುತದ ಶೇಷವೇ ಎರಡು ದಿನಗಳ ಬಳಿಕ ನೇಪಾಳದ ಅನ್ನಪೂರ್ಣ ಸುತ್ತಿನಲ್ಲಿ ಹಿಮಗಾಳಿಯಾಗಿ, ಹಿಮಕುಸಿತವಾಗಿ ನಲವತ್ತಕ್ಕೂ ಹೆಚ್ಚು ಜನರನ್ನು ಕೊಂದಿತು. ಅದು ಚಾರಣಕ್ಕೆ ಅತ್ಯಂತ ಪ್ರಶಸ್ತವೆಂದು ಹೆಸರಾದ ತಿಂಗಳು.

ಇಷ್ಟನ್ನು ಹೇಳಿದ ಮೇಲೆ ನಮ್ಮ ಮನೆಯಂಗಳಕ್ಕೆ ಬರಬೇಕು. ಜಾರುವ ಇಳಿಜಾರಿಗೆ ಹಿಮವೇ ಬೇಕೆಂದಿಲ್ಲ. ಮೇಲೊಂದು ಭಾರದ ಪದರ, ಅಡಿಯಲ್ಲೊಂದು ದುರ್ಬಲ ಪದರ, ಅಲ್ಪಕಾಲದಲ್ಲಿ ಏರಿದ ಹೊರೆ, ಬುಡಕ್ಕೆ ಬಿದ್ದ ಪೆಟ್ಟು ಇಷ್ಟಿದ್ದರೆ ಸಾಕು. ಪಶ್ಚಿಮಘಟ್ಟದಲ್ಲಿ ಜಂಬಿಟ್ಟಿಗೆಯ ಅಡಿಯಲ್ಲಿರುವ ಶೇಡಿಮಣ್ಣು ನೀರುಂಡಾಗ ಹಿಡಿತ ಬಿಡುತ್ತದೆ. ಅಲ್ಲಿ ಸುರಿಯುವ ಹಿಮದ ಜಾಗದಲ್ಲಿ ಇಲ್ಲಿ ಆಷಾಢದ ಮಳೆ. ಅಲ್ಲಿ ಚಾರಣಿಗನ ಹೆಜ್ಜೆ ಮಾಡುವ ಕೆಲಸವನ್ನು ಇಲ್ಲಿ ಧರೆಯ ಬುಡ ಕಡಿಯುವ ಯಂತ್ರ ಮಾಡುತ್ತದೆ. ಸಕಲೇಶಪುರದ ದೋಣಿಗಲ್ ಬಳಿ ಹೆದ್ದಾರಿ ಅಗಲಿಸಲು ಗುಡ್ಡವನ್ನು ಕಡಿದಂದಿನಿಂದ ಮಳೆಗಾಲದಲ್ಲಿ ಕುಸಿತದ ಸುದ್ದಿ ಮತ್ತೆ ಮತ್ತೆ ಬಂದಿದೆ. 2018ರ ಆಗಸ್ಟ್‌ನಲ್ಲಿ ಸಕಲೇಶಪುರ–ಸುಬ್ರಹ್ಮಣ್ಯ ರೈಲು ಮಾರ್ಗದ ಹತ್ತಾರು ಕಡೆ ಗುಡ್ಡ ಜಾರಿತು. 2024ರ ಜುಲೈ 26ರಂದು ಅದೇ ಮಾರ್ಗದ ಕಡಗರವಳ್ಳಿ–ಎಡಕುಮೇರಿ ನಡುವೆ ಹಳಿಯಡಿಯ ಮಣ್ಣೇ ಕೊಚ್ಚಿಹೋಯಿತು. ಅದೇ ತಿಂಗಳು ಅಂಕೋಲಾದ ಶಿರೂರಿನಲ್ಲೂ ವಯನಾಡಿನ ಮುಂಡಕ್ಕೈ, ಚೂರಲ್‌ಮಲಗಳಲ್ಲೂ ಆದದ್ದನ್ನು ಓದುಗರು ಮರೆತಿರಲಾರರು. ಗುಂಡ್ಯ ಜಲವಿದ್ಯುತ್ ಯೋಜನೆಯನ್ನು ಕೈಗೊಳ್ಳಬಾರದೆಂದು ಮಾಧವ ಗಾಡ್ಗೀಳರ ಸಮಿತಿ 2011ರಲ್ಲಿ ಶಿಫಾರಸು ಮಾಡಿದಾಗ ಅದನ್ನು ಅಭಿವೃದ್ಧಿಯ ವಿರೋಧವೆಂದು ಕರೆದವರು ರೈಣಿಯ ಚಿತ್ರಗಳನ್ನು ಒಮ್ಮೆ ನೋಡಬೇಕು.

ಅರಕಲಗೂಡು, ಹೊಳೆನರಸೀಪುರಗಳ ಬಯಲಿನಲ್ಲಿ ಕೂತ ನಮಗೆ ಗುಡ್ಡದ ಕುಸಿತ ಸಕಲೇಶಪುರದವರ ಕಷ್ಟವೆಂದು ತೋರಬಹುದು. ಗೊರೂರಿನ ಜಲಾಶಯಕ್ಕೆ ಬರುವ ನೀರೂ ಹೂಳೂ ಆ ಮೇಲಿನ ಇಳಿಜಾರುಗಳಿಂದಲೇ ಇಳಿಯುತ್ತವೆ. ನಮ್ಮ ನಾಲೆಯ ನೀರು ಆ ಗುಡ್ಡಗಳ ಆರೋಗ್ಯದ ಮೇಲೆ ನಿಂತಿದೆ.

ಆದ್ದರಿಂದ ನಮ್ಮ ಬೇಡಿಕೆಗಳು ಇವು. ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯು ಹಿಮದ ಪದರ, ಇಳಿಜಾರು, ಜೊತೆಗಾರರ ರಕ್ಷಣೆಗಳ ಬಗ್ಗೆ ಕನ್ನಡದಲ್ಲಿ ಅಲ್ಪಾವಧಿಯ ತರಬೇತಿಯನ್ನು ಜಿಲ್ಲಾ ಕೇಂದ್ರಗಳಲ್ಲಿ ನಡೆಸಲಿ. ರಾಜ್ಯದಿಂದ ಹೊರಡುವ ಚಾರಣ ತಂಡಗಳು ತಮ್ಮ ಮಾರ್ಗ, ದಿನಾಂಕ, ಸಂಪರ್ಕದ ವ್ಯವಸ್ಥೆ, ವಿಮೆಗಳ ವಿವರವನ್ನು ಒಂದೆಡೆ ದಾಖಲಿಸುವ ಕ್ರಮ ಬರಲಿ. 2024ರ ಜೂನ್‌ನಲ್ಲಿ ರಾಜ್ಯದ ಕಂದಾಯ ಸಚಿವರೇ ಡೆಹ್ರಾಡೂನಿಗೆ ಧಾವಿಸಬೇಕಾಯಿತು. ದುರಂತದ ನಂತರದ ಆ ಕಾಳಜಿಯ ಒಂದು ಪಾಲು ಮೊದಲೇ ಸಿಗಬೇಕು. ನಮ್ಮ ಘಟ್ಟದ ಚಾರಣಗಳಿಗೆ ಅರಣ್ಯ ಇಲಾಖೆ ಜನಸಂಖ್ಯೆಯ ಮಿತಿ ಹೇರಿದ್ದನ್ನು ಸ್ವಾಗತಿಸುತ್ತೇವೆ, ಅದಕ್ಕೆ ಮಳೆಯ ಪ್ರಮಾಣ ನೋಡಿ ದಾರಿ ಮುಚ್ಚುವ ನಿಯಮವನ್ನೂ ಸೇರಿಸಲಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿಯ ಮಟ್ಟದಲ್ಲಿವೆ. ಅವುಗಳ ಅಂಕಿ ಅಪಾಯದ ಗೆರೆ ದಾಟಿದ ಕೂಡಲೇ ಇಳಿಜಾರಿನಡಿಯ ಲೈನ್ ಮನೆಗಳಿಗೆ, ರಸ್ತೆ ಕಾಮಗಾರಿಯ ಶೆಡ್ಡುಗಳಿಗೆ ಸುದ್ದಿ ಮುಟ್ಟಿ ಜನ ತೆರವಾಗುವ ಏರ್ಪಾಡು ಆಗಲಿ. ಮಾಣಾದಲ್ಲಿ ತಪ್ಪಿದ ಕೊಂಡಿ ಅದೇ.

ಹಿಮಾಲಯಕ್ಕೆ ಹೊರಟಿರುವ ನಮ್ಮ ಯುವಮಿತ್ರರಲ್ಲಿ ಒಂದು ಅರಿಕೆ. ಹೋಗಿ ಬನ್ನಿ. ಹೋಗುವ ಮುನ್ನ ಮನೆಯವರಿಗೆ ಮಾರ್ಗದ ಒಂದು ಪ್ರತಿ ಕೊಟ್ಟು ಹೋಗಿ. ಶಿಖರದಿಂದ ನೂರು ಮೀಟರ್ ಕೆಳಗೆ ಮಾರ್ಗದರ್ಶಕರು ‘ಸಾಕು’ ಎಂದರೆ ವಾದಿಸದೆ ಇಳಿಯಿರಿ. ಮರಳಿದ ಮೇಲೆ ಅಲ್ಲಿ ಕಲಿತ ಕಣ್ಣಿನಿಂದ ಬಿಸಿಲೆ, ಶಿರಾಡಿಗಳ ಇಳಿಜಾರನ್ನೊಮ್ಮೆ ನೋಡಿ, ಧರೆಯ ಬುಡ ಕಡಿದಿರುವುದು ಕಂಡರೆ ಜಾಗವನ್ನು ಗುರುತು ಹಾಕಿಕೊಂಡು ಬಳಗಕ್ಕೆ ತಿಳಿಸಿ. ಮುಂದಿನ ಮಳೆಗಾಲಕ್ಕೆ ಮೊದಲು ಅಂಥ ಜಾಗಗಳ ಪಟ್ಟಿಯೊಂದನ್ನು ಜಿಲ್ಲಾಡಳಿತದ ಮುಂದಿಡುವ ಕೆಲಸ ನಮ್ಮೆಲ್ಲರ ಮುಂದಿದೆ.